ಆಲ್ಫಿಯ ಮಜುರ್ಕ

ಸೀಮೆಎಣ್ಣೆಯಲ್ಲಿ ಒದ್ದೆ ಮಾಡಿದ ಮರದ ಹೊಟ್ಟು, ಅದರ ಮೇಲೆ ಚಾಕುವಿನಿಂದ ಹೆರೆದು ಉದುರಿಸಿದ ಮೇಣದಬತ್ತಿ. ಕೋರಲಿ ಟೋಬಿನ್ನಳ ಬಾಲ್ಯದ ಶನಿವಾರಗಳಿಗೆಲ್ಲ ಈ ವಾಸನೆಯಿತ್ತು. ಬುರ್ರಡೂ ಕಣಿವೆಯ ಸಭಾಂಗಣದಲ್ಲಿ ಮಧ್ಯಾಹ್ನವೇ ಹಲಗೆ ನೆಲದ ಮೇಲೆ ಅದನ್ನು ಎರಚುತ್ತಿದ್ದರು. ಆಮೇಲೆ ಮಕ್ಕಳನ್ನು ಗೋಣಿಚೀಲದ ಮೇಲೆ ಕೂರಿಸಿ ಈ ಗೋಡೆಯಿಂದ ಆ ಗೋಡೆಗೆ ಎಳೆದಾಡುತ್ತಿದ್ದರು. ಮಕ್ಕಳ ಭಾರಕ್ಕೆ ಮೇಣ ಹಲಗೆಯೊಳಗೆ ಇಳಿದು, ಸಂಜೆಯ ಹೊತ್ತಿಗೆ ನೆಲ ಕುಣಿತಕ್ಕೆ ಬೇಕಾದಷ್ಟು ನುಣುಪಾಗುತ್ತಿತ್ತು. ಮರುದಿನ ಚರ್ಚಿನಲ್ಲಿ ಪ್ರಾರ್ಥನೆಯ ಪುಸ್ತಕ ತೆರೆದರೆ ಅದರ ಹಾಳೆಗಳಲ್ಲೂ ಅದೇ ವಾಸನೆ. ಅಮ್ಮ ಗೊಣಗುತ್ತಿದ್ದಳು. ಅಪ್ಪ ಆಲ್ಫಿ ಮಾತ್ರ ಮಗಳ ತಲೆಯನ್ನು ಮೂಸಿ, "ಒಳ್ಳೆ ನೆಲ ಇತ್ತು ನಿನ್ನೆ," ಎನ್ನುತ್ತಿದ್ದ.

ಅರವತ್ತೆರಡನೆಯ ವಯಸ್ಸಿನಲ್ಲಿ, ಮೆಲ್ಬರ್ನಿನಿಂದ ಐದು ಗಂಟೆ ಕಾರು ಓಡಿಸಿಕೊಂಡು ಬಂದ ಕೋರಲಿ ಸಭಾಂಗಣದ ಎದುರು ಒಂದು ಗಳಿಗೆ ನಿಂತಳು. ಬಾಗಿಲಿಗೆ ಬೀಗ. ತಗಡಿನ ಮಾಡಿನ ಒಂದು ಮೂಲೆ ಎದ್ದು ಗಾಳಿಗೆ ಬಡಿಯುತ್ತಿತ್ತು. ಜುಲೈ ತಿಂಗಳ ಚಳಿ. ಗುಡ್ಡದ ನೆತ್ತಿಯ ಮೇಲೆ ಹಿಮ, ಕೆಳಗೆ ಹೊಲಗಳಲ್ಲಿ ಮಧ್ಯಾಹ್ನವಾದರೂ ಕರಗದೆ ಹೆಪ್ಪುಗಟ್ಟಿದ ಬಿಳಿ ಇಬ್ಬನಿ. ಅವಳು ಕಾರಿನ ಹಿಂದಿನ ಸೀಟಿನ ಕಡೆ ನೋಡಿದಳು. ಪಿಟೀಲಿನ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿದ್ದು ಜಾರಿರಲಿಲ್ಲ. ಕುರಿಕರುಳಿನ ತಂತಿಗಳಿಗೆ ಚಳಿ ಆಗದು.

ಆ ಪಿಟೀಲು ಅಪ್ಪನದು. ಕೋರಲಿ ಅದನ್ನು ನುಡಿಸುವುದು ಅಪರೂಪ. ನಲವತ್ತು ವರ್ಷ ಅವಳ ಬದುಕು ಬೇರೆ ವಾದ್ಯಗಳ ಜೊತೆ ಕಳೆದಿತ್ತು. ವಾರದ ದಿನಗಳಲ್ಲಿ ಮೊಣಕಾಲ ನಡುವೆ ಇಟ್ಟು ನುಡಿಸುವ ಆರು ತಂತಿಯ ವಯೋಲ್. ಮುನ್ನೂರು ವರ್ಷ ಹಿಂದಿನ ಸಂಗೀತ. ಕಲ್ಲಿನ ಚರ್ಚುಗಳಲ್ಲಿ ಕೋಟು ತೊಟ್ಟು ಕುಳಿತ ನೂರು ಜನ. ವಾರದ ಕೊನೆಗೆ ಊರೂರಿನ ಜನಪದ ಕುಣಿತಗಳು, ಇಲ್ಲವೆ ಹಳೆಯ ಕಾಲದ ನೃತ್ಯಗಳನ್ನು ಮತ್ತೆ ಕಲಿತು, ಆ ಕಾಲದ ಉಡುಪನ್ನೇ ಹೊಲಿಸಿಕೊಂಡು ಕುಣಿಯುವ ಸಂಘದವರ ಕೂಟಗಳು. ಕುಣಿಯುವವರಿಗೆ ಕೋರಲಿ ಎಂದರೆ ಇಷ್ಟ. ಅವಳ ತಾಳ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. "ಕೋರಲಿ ನುಡಿಸಿದ್ರೆ ಕಣ್ಣು ಮುಚ್ಕೊಂಡು ಹೆಜ್ಜೆ ಹಾಕಬಹುದು," ಎನ್ನುತ್ತಿದ್ದರು.

ಅಪ್ಪನ ಮಜುರ್ಕವನ್ನು ಅವರಿಗೆ ಕೊಟ್ಟವಳೂ ಅವಳೇ. ಮೂರು ಎಣಿಕೆಯ ಸಣ್ಣ ಕುಣಿತದ ಧಾಟಿ, ಎರಡು ಭಾಗ. ಇಪ್ಪತ್ತೈದು ವರ್ಷದ ಹಿಂದೆ ಅದನ್ನು ಸ್ವರಲಿಪಿಯಲ್ಲಿ ಬರೆದು ಒಂದು ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಳು. ಈಗ ಪರ್ತ್‌ನಿಂದ ಹೋಬಾರ್ಟ್‌ವರೆಗೆ ಎಲ್ಲ ಸಂಘಗಳಲ್ಲೂ ಅದನ್ನು ಹಾಗೆಯೇ ನುಡಿಸುತ್ತಾರೆ. ಅದು ಹಾಗಿರಲಿಲ್ಲ ಎಂಬುದು ಕೋರಲಿಗೆ ಮಾತ್ರ ಗೊತ್ತಿತ್ತು. ಎರಡನೆಯ ಭಾಗದಲ್ಲಿ ಎಲ್ಲೋ ಅಪ್ಪ ಎಣಿಕೆಗಿಂತ ಹೆಚ್ಚು ನುಡಿಸುತ್ತಿದ್ದ. ಬರೆಯುವಾಗ ಅವಳು ಅದನ್ನು ತಿದ್ದಿ ನೇರ ಮಾಡಿದ್ದಳು.

ಈಗ ಅವಳ ಎಡಗೈಯ ಉಂಗುರ ಬೆರಳು ಅಂಗೈಯ ಕಡೆಗೆ ಬಾಗತೊಡಗಿತ್ತು. ಚರ್ಮದ ಕೆಳಗೆ ಹಗ್ಗದಂಥ ಗಂಟು. ಮುಂದಿನ ಚಳಿಗಾಲಕ್ಕೆ ಕಿರುಬೆರಳೂ ಬಾಗುತ್ತದೆ ಎಂದಿದ್ದರು ಡಾಕ್ಟರು. ಕೈ ಮುಚ್ಚಿಕೊಳ್ಳುವ ಮೊದಲು ಆ ಧಾಟಿಯನ್ನು ಅಪ್ಪ ನುಡಿಸಿದ ಹಾಗೆ ಒಮ್ಮೆ ನುಡಿಸಬೇಕು, ನುಡಿಸಿ ಸರಿಯಾಗಿ ಬರೆದಿಡಬೇಕು ಎಂದು ಅವಳಿಗೆ ಹಟ ಹಿಡಿದಿತ್ತು. ಆದರೆ ಎಷ್ಟು ಹೆಚ್ಚು, ಎಲ್ಲಿ ಹೆಚ್ಚು ಎಂಬುದೇ ನೆನಪಿಲ್ಲ. ಆ ಧಾಟಿಗೆ ಕುಣಿದವರಲ್ಲಿ ಬುರ್ರಡೂವಿನಲ್ಲಿ ಉಳಿದಿದ್ದು ಮೆರ್ವ್ ಹ್ಯಾನಫರ್ಡ್ ಮತ್ತು ಅವನ ಹೆಂಡತಿ ನೋಲಾ ಇಬ್ಬರೇ. ನೋಲಾ ಕುಣಿದದ್ದು ಕೋರಲಿಗೆ ನೆನಪಿರಲಿಲ್ಲ. ಸಭಾಂಗಣದಲ್ಲಿ ನೋಲಾ ಎಂದರೆ ಟೀ ಕಾಯಿಸುವ ದೊಡ್ಡ ಹಂಡೆಯ ಪಕ್ಕ ನಿಂತ ಹೆಂಗಸು. ಕೇಳಬೇಕಾದ್ದು ಮೆರ್ವ್‌ನನ್ನೇ. ಮೆರ್ವ್‌ನ ಶ್ವಾಸಕೋಶ ಕೈಕೊಟ್ಟಿದೆ, ಬರುವುದಿದ್ದರೆ ಬೇಗ ಬಾ ಎಂದು ಫೋನಿನಲ್ಲಿ ನೋಲಾಳೇ ಹೇಳಿದ್ದಳು.

ಹ್ಯಾನಫರ್ಡರ ಹಳೆಯ ಹೊಗೆಸೊಪ್ಪಿನ ತೋಟದ ಕೊನೆಗೆ ಮನೆ. ಮೆಟ್ಟಿಲ ಪಕ್ಕ ಯಾರೋ ಸೌದೆ ಒಡೆದು ಒಪ್ಪವಾಗಿ ಜೋಡಿಸಿ ಹೋಗಿದ್ದರು. ಮೇಲಿನ ಸಾಲನ್ನು ಬಗ್ಗದೆ ತೆಗೆದುಕೊಳ್ಳುವಷ್ಟು ಎತ್ತರಕ್ಕೆ.

"ಬಾಗಿಲು ಹಾಕ್ಕೊಂಡು ಬಾ," ಒಳಗಿನಿಂದ ಮೆರ್ವ್‌ನ ದನಿ. "ಚಳಿ ಒಳಗೆ ಬಂದ್ರೆ ಅದಕ್ಕೂ ಊಟ ಹಾಕ್ಬೇಕಾಗುತ್ತೆ."

ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ದೊಡ್ಡ ಎಲುಬಿನ ಮನುಷ್ಯ, ಎಲುಬಷ್ಟೇ ಉಳಿದಿತ್ತು. ಮೂಗಿಗೆ ನಳಿಗೆ, ನಳಿಗೆಯ ಇನ್ನೊಂದು ತುದಿಯಲ್ಲಿ ಗುಂಯ್ ಎನ್ನುವ ಆಮ್ಲಜನಕದ ಯಂತ್ರ.

"ಹೇಗಿದ್ದೀರಿ ಮೆರ್ವ್?"

"ಇನ್ನೂ ಹೂತಿಲ್ಲ. ಮಣ್ಣು ಹೆಪ್ಪುಗಟ್ಟಿದೆಯಂತೆ. ಅಗೆಯೋಕೆ ಯಾರೂ ಒಪ್ತಿಲ್ಲ."

"ಹಾಗೆಲ್ಲ ಮಾತಾಡಿ ಉಸಿರು ಖರ್ಚು ಮಾಡ್ಬೇಡ," ಎಂದಳು ನೋಲಾ. ಅವಳು ನಡೆಯಲು ಆಸರೆಯ ಚಕ್ರದ ಚೌಕಟ್ಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬೆಳ್ಳಗಿನ ಗಿಡ್ಡ ಕೂದಲು, ತೋಳು ಮಡಿಸಿದ ಸ್ವೆಟರು. "ಕೋರಲಿ, ಒಲೆ ಹತ್ರ ಕೂತ್ಕೊ. ಆ ಕುರ್ಚಿ ಬೇಡ, ಅದರ ಸ್ಪ್ರಿಂಗು ಚುಚ್ಚುತ್ತೆ. ಪಾದ್ರಿಗೆ ಅಂತ ಇಟ್ಟಿರೋದು."

ಕೋರಲಿ ನಕ್ಕಳು. ಟೀ ಕುಡಿದಳು. ಬಂದ ಕೆಲಸ ಹೇಳಿದಳು. ಹೇಳುತ್ತಿದ್ದ ಹಾಗೆ, ಹೇಳದೆ ಬಿಟ್ಟದ್ದು ನೆನಪಾಯಿತು.

ಅದು ಅರವತ್ತೊಂಬತ್ತನೇ ಇಸವಿಯ ಈಸ್ಟರ್ ಕುಣಿತ. ಅವಳಿಗೆ ಹತ್ತೊಂಬತ್ತು. ಸಂಗೀತ ಕಾಲೇಜಿನ ಎರಡನೆಯ ವರ್ಷ. ರಜೆಗೆ ಬಂದವಳು ವೇದಿಕೆಯ ಮೇಲೆ ಪಿಯಾನೊದ ಪಕ್ಕ ಕೂತು ಅಪ್ಪನ ನುಡಿಸಾಣಿಕೆ ಕೇಳಿದ್ದಳು. ಕೇಳುವುದಕ್ಕಿಂತ ಎಣಿಸಿದ್ದಳು ಎನ್ನಬೇಕು. ಎಣಿಸುವುದನ್ನು ಆಗಷ್ಟೇ ಕಲಿತಿದ್ದಳು. ಅಪ್ಪ ತಂತಿಯ ಕಡೆ ನೋಡುತ್ತಲೇ ಇರಲಿಲ್ಲ, ಗದ್ದ ಪಿಟೀಲಿನ ಮೇಲಿಟ್ಟು ಕುಣಿಯುವವರ ಕಡೆಗೇ ದೃಷ್ಟಿ. ಮಜುರ್ಕದ ಎರಡನೆಯ ಭಾಗದಲ್ಲಿ ಒಂದು ಉದ್ದ ಸ್ವರ ಬಂದಾಗಲೆಲ್ಲ ಅವನ ಕಮಾನು ಅಲ್ಲೇ ನಿಲ್ಲುತ್ತಿತ್ತು. ಪಿಯಾನೊ ನುಡಿಸುತ್ತಿದ್ದ ಅಂಚೆಕಚೇರಿಯ ಹೆಂಗಸು ಕೈ ಎತ್ತಿ ಕಾಯುತ್ತಿದ್ದಳು.

ನಡುವೆ ಊಟದ ಬಿಡುವು. ಹೆಂಗಸರು ಮನೆಯಿಂದ ತಂದ ತಟ್ಟೆಗಳನ್ನು ಬಿಚ್ಚಿದ್ದರು, ಎಲ್ಲರೂ ಸುತ್ತ ನಿಂತಿದ್ದರು. ಆಗ ಅವಳು ಹೇಳಿದ್ದಳು: "ಅಪ್ಪ, ಎರಡನೇ ಭಾಗದಲ್ಲಿ ನೀನು ಎಣಿಕೆ ತಪ್ತೀಯ. ಪಾಪ, ಪಿಯಾನೊದವರು ನಿನ್ನ ಹಿಂದೆ ಓಡಿ ಓಡಿ ಸುಸ್ತಾಗಿದಾರೆ."

ಜನ ನಕ್ಕರು. ಕೆಟ್ಟ ನಗುವಲ್ಲ. "ಮೂವತ್ತು ವರ್ಷದಿಂದ ನಮಗೆ ತಪ್ಪು ಹೆಜ್ಜೆ ಹಾಕಿಸ್ತಿದೀಯಾ ಆಲ್ಫಿ?" ಎಂದರು ಯಾರೋ. ಅಪ್ಪನೂ ನಕ್ಕ. ಅವಳ ಮುಖ ನೋಡಿ, ಆಮೇಲೆ ಅವಳ ಹೆಗಲಾಚೆ ಎಲ್ಲೋ ನೋಡಿ, ಬಾಯಿ ತೆರೆದು ಮುಚ್ಚಿದ. ಕಮಾನಿನ ತಿರುಪು ಸಡಿಲಿಸಿ, ಮತ್ತೆ ಬಿಗಿ ಮಾಡಿ ಅವಳ ಕೈಗೆ ಕೊಟ್ಟ.

"ಸರಿ ಮಗಳೇ. ಇನ್ನು ನೀನೇ ನುಡಿಸು."

ಅವಳು ನುಡಿಸಿದಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನುಡಿಸಿದಳು. ನೆಲದ ಮೇಲೆ ಹೊಸ ಹುರುಪು ಬಂದಿತ್ತು. ಹುಡುಗರು ಶಿಳ್ಳೆ ಹಾಕಿದ್ದರು.

ಆಲ್ಫಿ ಟೋಬಿನ್ ಆಮೇಲೆ ಕುಣಿತಕ್ಕೆ ನುಡಿಸಲಿಲ್ಲ. ಕೇಳಿದವರಿಗೆ ಬೆನ್ನು ನೋವು ಎಂದ. ನಾಲ್ಕು ವರ್ಷ ಪಿಟೀಲು ಬೀರುವಿನ ಮೇಲಿತ್ತು. ಐದನೆಯ ಚಳಿಗಾಲದಲ್ಲಿ ನ್ಯುಮೋನಿಯಾ. ಕೋರಲಿ ಆಗ ಹಾಲೆಂಡಿನಲ್ಲಿ, ಹಳೆಯ ಕಾಲದವರು ಕಮಾನು ಹೇಗೆ ಹಿಡಿಯುತ್ತಿದ್ದರು ಎಂಬುದನ್ನು ಕಲಿಯುತ್ತಿದ್ದಳು. ಟೆಲಿಗ್ರಾಂ ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

"ಹಾಗಾದ್ರೆ ನುಡಿಸು," ಎಂದ ಮೆರ್ವ್. "ಎಲ್ಲಿ ಅಂತ ಹೇಳ್ತೀನಿ." ನೋಲಾ ಅಷ್ಟರಲ್ಲಿ ಅಡುಗೆಮನೆಗೆ ಹೋಗಿದ್ದಳು.

ಅವಳು ಪೆಟ್ಟಿಗೆ ತೆರೆದು ತಂತಿ ಹದ ಮಾಡತೊಡಗಿದಳು. ಆಗಲಿಲ್ಲ. ಯಂತ್ರದ ಗುಂಯ್ ದನಿ ಅವಳ ಷಡ್ಜಕ್ಕೆ ಸ್ವಲ್ಪವೇ ಮೇಲೆ ನಿಂತು, ತಂತಿಯನ್ನು ಎಲ್ಲಿ ನಿಲ್ಲಿಸಿದರೂ ಅಪಸ್ವರ. ಎರಡು ಸಲ ಕಿವಿಯ ಬಳಿ ತಂದು ಮೀಟಿದಳು. ಮೆರ್ವ್ ಅದನ್ನು ನೋಡಿ ಕೈಚಾಚಿ ಯಂತ್ರ ನಿಲ್ಲಿಸಿದ.

"ಬೇಡ, ಬೇಡ ಮೆರ್ವ್."

"ಹತ್ತು ನಿಮಿಷ ನಡೆಯುತ್ತೆ. ಸ್ನಾನಕ್ಕೆ ಹೋದಾಗ ತೆಗೀತೀನಲ್ಲ. ಬೇಗ ಆಗ್ಲಿ."

ಕೋಣೆ ಒಮ್ಮೆಗೇ ನಿಶ್ಶಬ್ದವಾಯಿತು. ಒಲೆಯಲ್ಲಿ ಸೌದೆ ಸಿಡಿಯುವುದು, ಮೆರ್ವ್‌ನ ಎದೆಯ ಸಿಳ್ಳೆ, ಎರಡೂ ಕೇಳಿಸಿದವು. ಕೋರಲಿ ಪುಸ್ತಕದಲ್ಲಿದ್ದ ಹಾಗೆ ಧಾಟಿ ನುಡಿಸಿದಳು. ಉಂಗುರ ಬೆರಳು ತಡವಾಗಿ ಬಿದ್ದು ಎರಡು ಸ್ವರ ಮಂಕಾದವು. ಮೆರ್ವ್ ಕಣ್ಣು ಮುಚ್ಚಿ, ಕುರ್ಚಿಯ ತೋಳಿನ ಮೇಲೆ ಬೆರಳು ತಟ್ಟುತ್ತಿದ್ದ. ಎರಡನೆಯ ಭಾಗಕ್ಕೆ ಬೆರಳು ನಿಂತಿತು.

"ಚೆನ್ನಾಗಿದೆ," ಎಂದ. "ಆದ್ರೆ ಅದಲ್ಲ."

ಅವಳು ಭಾಗದ ಕೊನೆಗೆ ಎರಡು ಎಣಿಕೆ ಸೇರಿಸಿ ನುಡಿಸಿದಳು.

"ಊಹೂಂ. ಅಷ್ಟು ತಡ ಅಲ್ಲ. ಹೆಣ್ಣು ಗಂಡಿನ ಕೈಕೆಳಗೆ ಸುತ್ತು ಬರ್ತಾಳಲ್ಲ, ಅಲ್ಲಿ."

ಉದ್ದ ಸ್ವರದ ಮೇಲೆ ಎರಡು ಎಣಿಕೆ.

"ಹ್ಞಾಂ, ಅಲ್ಲೇ. ಆದ್ರೆ ಅಷ್ಟು ಬೇಡ."

ಒಂದು ಎಣಿಕೆ.

"ಕೆಲವು ಸಲ ಅಷ್ಟೆ."

ಕೋರಲಿ ಕಮಾನು ಇಳಿಸಿದಳು. "ಕೆಲವು ಸಲ ಅಂದ್ರೆ?"

"ಕೆಲವು ಸಲ ಒಂದು. ಕೆಲವು ಸಲ ಮೂರು. ಒಂದೊಂದಿನ ಇಲ್ಲವೇ ಇಲ್ಲ, ನೀನು ಮೊದ್ಲು ನುಡಿಸಿದ್ಯಲ್ಲ, ಹಾಗೇನೇ."

"ಮೆರ್ವ್, ಅದು ಹೇಗಾಗುತ್ತೆ? ಒಂದೋ, ಎರಡೋ, ಸರಿಯಾಗಿ ನೆನಪು ಮಾಡ್ಕೊಳ್ಳಿ. ನಾನು ಬರ್ಕೋಬೇಕು."

ತನ್ನ ದನಿಯಲ್ಲಿ ತರಗತಿಯ ಮೇಷ್ಟ್ರು ಬಂದದ್ದು ಅವಳಿಗೇ ಕೇಳಿಸಿತು. ಮೆರ್ವ್ ಕಣ್ಣು ತೆರೆದ. ತುಟಿಯ ಬಣ್ಣ ಸ್ವಲ್ಪ ಮಾಸಿತ್ತು.

"ಬರ್ಕೊಳ್ಳೋಕೆ ಏನಿದೆ ಕಣಮ್ಮ," ಎಂದ ಮೆಲ್ಲಗೆ. "ನೋಲಾ ಆವತ್ತು ಹೇಗಿದ್ಳೋ ಹಾಗೆ."

ಕೋರಲಿಗೆ ಅರ್ಥವಾಗಲಿಲ್ಲ.

"ಪೋಲಿಯೊ ಆಗಿತ್ತಲ್ಲ ಅವಳಿಗೆ, ಹನ್ನೆರಡನೇ ವಯಸ್ಸಲ್ಲಿ. ಎಡಗಾಲಿಗೆ ಕಬ್ಬಿಣದ ಪಟ್ಟಿ. ಉದ್ದ ಲಂಗ ಹಾಕ್ತಿದ್ಲು, ನಿಮಗ್ಯಾರಿಗೂ ಕಾಣ್ತಿರ್ಲಿಲ್ಲ. ನೇರ ಹೋಗುವಾಗ ತೊಂದ್ರೆ ಇಲ್ಲ, ನಾನು ಸೊಂಟ ಹಿಡ್ಕೊಂಡಿರ್ತಿದ್ದೆ. ಕೈಕೆಳಗೆ ಸುತ್ತು ಬರುವಾಗ ಅವಳೊಬ್ಳೇ. ಆ ಕಾಲನ್ನ ಬೀಸಿ ತರ್ಬೇಕು." ಅವನು ಉಸಿರಿಗಾಗಿ ನಿಂತ. "ಅವಳ ಹಿಮ್ಮಡಿ ನೆಲಕ್ಕೆ ಬಿತ್ತು ಅಂತ ಕಂಡ ಮೇಲೇನೇ ನಿಮ್ಮಪ್ಪ ಕಮಾನು ತಿರುಗಿಸ್ತಿದ್ದ. ಒಳ್ಳೆ ದಿನ ಆದ್ರೆ ಬೇಗ ಬೀಳೋದು. ಚಳಿಗಾಲದಲ್ಲಿ ತಡ. ಮಿಕ್ಕೋರು ಅಲ್ಲೊಂದು ಕಾಲು ತಟ್ಟಿ ನಿಲ್ಲೋರು. ಅದು ನಮ್ಮೂರ ಪದ್ಧತಿ ಅಂದ್ಕೊಂಡಿದ್ರು."

"ನೀವು ಹೇಳಿದ್ರಾ ಅಪ್ಪಂಗೆ, ಕಾಯಿ ಅಂತ?"

"ಯಾರೂ ಹೇಳ್ಲಿಲ್ಲ. ಅವನೂ ನನ್ನ ಹತ್ರ ಮಾತೆತ್ತಲಿಲ್ಲ. ಒಂದ್ಸಲ ವೇದಿಕೆ ಕಡೆ ನೋಡಿದೆ, ಅವನು ನನ್ನ ನೋಡಿ ತಲೆ ಆಡಿಸ್ದ. ಅಷ್ಟೆ."

ಕೋರಲಿ ಪಿಟೀಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯದೆ ತಂತಿಯ ಮೇಲಿನ ರಾಳದ ಪುಡಿ ಒರೆಸಿದಳು. ಮತ್ತೆ ಒರೆಸಿದಳು.

"ಆವತ್ತು ನಾನು ಎಲ್ಲರ ಮುಂದೆ ಅಂದಾಗ ಅವನು ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ಸಾಕಿತ್ತು."

"ಹೇಗೆ ಹೇಳ್ತಾನೆ," ಎಂದ ಮೆರ್ವ್. "ನೋಲಾ ನಿನ್ನ ಹಿಂದೇನೇ ನಿಂತಿದ್ಲಲ್ಲ."

ಅವನಿಗೆ ಕೆಮ್ಮು ಬಂತು. ಒಮ್ಮೆ ಬಂದದ್ದು ಬಿಡಲಿಲ್ಲ. ಕುತ್ತಿಗೆಯ ನರಗಳು ಉಬ್ಬಿ, ಕೈ ಕುರ್ಚಿಯ ತೋಳನ್ನು ಹುಡುಕತೊಡಗಿತು. ಕೋರಲಿ ಎದ್ದು ಯಂತ್ರದ ಗುಂಡಿ ಯಾವುದೆಂದು ಕಾಣದೆ ತಡಕಾಡುತ್ತಿರುವಾಗ ನೋಲಾ ಅಡುಗೆಮನೆಯಿಂದ ಬಂದಳು. ಗಡಿಬಿಡಿ ಇಲ್ಲ, ಗಡಿಬಿಡಿ ಮಾಡುವ ಕಾಲೂ ಅವಳಿಗಿರಲಿಲ್ಲ. ಗುಂಡಿ ಒತ್ತಿ, ನಳಿಗೆ ಮೂಗಿಗೆ ಸರಿಯಾಗಿ ಕೂರಿಸಿ, ಅವನ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು ನಿಂತಳು.

"ಮೂಗಿಂದ. ಮೂಗಿಂದ ತಗೋ. ಎಲ್ಲಿಗೂ ಓಡ್ಬೇಕಾಗಿಲ್ಲ."

ಬಹಳ ಹೊತ್ತು ಹಿಡಿಯಿತು. ತುಟಿಗೆ ಬಣ್ಣ ಬಂದಾಗ ಮೆರ್ವ್ ಸೋತವನಂತೆ ಕಣ್ಣು ಮುಚ್ಚಿದ. ಇವನ ಹತ್ತಿರ ಹೆಚ್ಚು ದಿನ ಉಳಿದಿಲ್ಲ ಎಂಬುದು ಆ ಕೋಣೆಯಲ್ಲಿ ಮೂವರಿಗೂ ತಿಳಿದಿತ್ತು. ಅದರಲ್ಲಿ ಒಂದಷ್ಟನ್ನು ತನ್ನ ಶ್ರುತಿಗಾಗಿ ಖರ್ಚು ಮಾಡಿಸಿದೆ ಎಂದು ಕೋರಲಿಗೆ ಅನ್ನಿಸಿತು.

"ಎಲ್ಲ ಕೇಳಿಸ್ಕೊಂಡ್ರಾ?" ಎಂದಳು.

"ಗೋಡೆ ಹಲಗೇದು," ಎಂದಳು ನೋಲಾ.

"ನಿಮಗೆ ಗೊತ್ತಿತ್ತಾ, ಅಪ್ಪ ಕಾಯ್ತಾನೆ ಅಂತ?"

ನೋಲಾ ಚೌಕಟ್ಟಿನ ಮೇಲೆ ಎರಡೂ ಕೈ ಊರಿ ನಿಂತಳು. ಹೇಳಲೋ ಬೇಡವೋ ಎಂದು ಅಳೆಯುತ್ತಿರುವಂತೆ ಕಂಡಳು.

"ಇಲ್ಲ," ಎಂದಳು. "ನಾನು ಚೆನ್ನಾಗಿ ಕುಣೀತೀನಿ ಅಂದ್ಕೊಂಡಿದ್ದೆ. ನೀನು ನುಡಿಸಿದ ದಿನ ಗೊತ್ತಾಯ್ತು."

ಕೋರಲಿ ಆ ಸಂಜೆಯನ್ನು ಮತ್ತೆ ಕಣ್ಣ ಮುಂದೆ ತರಲು ನೋಡಿದಳು. ಹುರುಪು, ಶಿಳ್ಳೆ, ತನ್ನ ಬಿಗಿಯಾದ ಬಲಗೈ. ನೆಲದ ಮೇಲೆ ಯಾರು ಎಡವಿದರು, ಯಾರು ಯಾರನ್ನು ಹಿಡಿದರು, ಯಾವ ಜೋಡಿ ಗೋಡೆಯ ಬೆಂಚಿಗೆ ಹೋಗಿ ಕೂತಿತು, ಒಂದೂ ನೆನಪಿರಲಿಲ್ಲ. ಮರೆತದ್ದಲ್ಲ. ಅವಳು ನೋಡಿಯೇ ಇರಲಿಲ್ಲ. ಅವಳ ಕಣ್ಣು ತಂತಿಯ ಮೇಲಿತ್ತು.

"ಬಿದ್ರಾ ನೀವು?"

"ಮೆರ್ವ್ ಬೀಳೋಕೆ ಬಿಡ್ಲಿಲ್ಲ. ಮೊಣಕಾಲು ಮಾತ್ರ ತಾಗ್ತು. ನೆಲ ಜಾರ್ತಿತ್ತು ಅಂದೆ ಎಲ್ಲರಿಗೂ." ನೋಲಾ ಮೆರ್ವ್‌ನ ಕಂಬಳಿ ಸರಿ ಮಾಡಿದಳು. "ಆಮೇಲೆ ಟೀ ಕೆಲ್ಸ ಹಿಡ್ಕೊಂಡೆ. ಯಾರಾದ್ರೂ ಮಾಡ್ಲೇಬೇಕಿತ್ತಲ್ಲ. ಮೂವತ್ತೆರಡು ವರ್ಷ ಆಗಿತ್ತು ಆಗ ನಂಗೆ, ಎರಡು ಮಕ್ಕಳು. ಕುಣಿದದ್ದು ಸಾಕಾಗಿತ್ತು."

"ಸಾಕಾಗಿರ್ಲಿಲ್ಲ," ಎಂದ ಮೆರ್ವ್, ಕಣ್ಣು ತೆರೆಯದೆ.

"ನೀನು ಸುಮ್ನಿರು."

ಕೋರಲಿ ತನಗೆ ಗೊತ್ತಿದ್ದ ಕೆಲಸದ ಕಡೆಗೇ ತಿರುಗಿದಳು.

"ಪುಸ್ತಕ ಮತ್ತೆ ಅಚ್ಚಾಗ್ತಿದೆ, ನೋಲಾ. ಆ ಸ್ವರದ ಮೇಲೆ ಒಂದು ಗುರುತು ಹಾಕಿ, ಕೆಳಗೆ ನಾಲ್ಕು ಸಾಲು ಬರೀತೀನಿ. ಅದು ತಪ್ಪಲ್ಲ, ಅವನು ಯಾಕೆ ನಿಲ್ಲಿಸ್ತಿದ್ದ ಅಂತ. ದೇಶದಲ್ಲೆಲ್ಲ ಹಾಗೇ ನುಡಿಸ್ತಾರೆ."

"ಬೇಡ," ಎಂದಳು ನೋಲಾ.

"ಹೆಸರು ಹಾಕಲ್ಲ."

"ಬುರ್ರಡೂನಲ್ಲಿ ಕುಂಟ್ತಿದ್ದೋಳು ನಾನೊಬ್ಳೇ. ನನ್ನ ಕಾಲು ಪುಸ್ತಕದಲ್ಲಿ ಬೇಡ ಕೋರಲಿ. ನಿಮ್ಮಪ್ಪ ಬಾಯಿ ಮುಚ್ಕೊಂಡಿದ್ದು ಅದಕ್ಕೇ ತಾನೆ?" ಅವಳ ದನಿ ಏರಲಿಲ್ಲ. "ಅಲ್ದೆ, ಆ ಪಟ್ಟೆಪಟ್ಟೆ ಗೌನು ಹಾಕ್ಕೊಂಡೋರು ಯಾರಿಗೆ ಅಂತ ಕಾಯ್ತಾರೆ? ಒಂದು, ಎರಡು ಅಂತ ಎಣಿಸಿ ನಿಲ್ತಾರೆ. ಅದೂ ಅದಲ್ಲ."

ಅದು ನಿಜವೆಂದು ಕೋರಲಿಗೆ ತಿಳಿದಿತ್ತು. ನಲವತ್ತು ವರ್ಷ ಅದೇ ಕೆಲಸ ಮಾಡಿದವಳು ಅವಳು. ಸತ್ತವರು ಎಲ್ಲಿ ಉಸಿರು ತೆಗೆದುಕೊಂಡರು ಎಂದು ಹಳೆಯ ಹಾಳೆಗಳಲ್ಲಿ ಹುಡುಕಿ, ಅಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕುವುದು. ಅಪ್ಪನ ಧಾಟಿಗೆ ಅಂಥ ಗುರುತು ಇರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಮೂವತ್ತೆರಡರ ಒಬ್ಬ ಹೆಂಗಸು, ಉದ್ದ ಲಂಗ, ಕಬ್ಬಿಣದ ಪಟ್ಟಿಯ ಕಾಲು. ಪಟ್ಟಿಯನ್ನು ಎಂದೋ ಬಿಚ್ಚಿಟ್ಟಾಗಿತ್ತು. ಈಗ ಆ ಕಾಲು ಬರಿಯ ಕೋಲಿನಂತೆ ಚೌಕಟ್ಟಿನ ಹಿಂದೆ ಬರುತ್ತಿತ್ತು. ಸುತ್ತು ಬರುವ ಮಾತೇ ಇಲ್ಲ.

"ಆಯ್ತು," ಎಂದಳು. "ಬರೆಯಲ್ಲ."

"ನಿಂಗೆ ಆಗ ಹತ್ತೊಂಬತ್ತು," ಎಂದಳು ನೋಲಾ. ಅದು ಕ್ಷಮೆಯೋ ಲೆಕ್ಕವೋ, ಅವಳ ಮುಖದಿಂದ ತಿಳಿಯುವಂತಿರಲಿಲ್ಲ. ಚೌಕಟ್ಟು ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು.

ಕೋರಲಿ ಕಮಾನಿನ ತಿರುಪು ಸಡಿಲಿಸಿದಳು. ಪಿಟೀಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. ಅಪ್ಪ ನುಡಿಸಿದ ಹಾಗೆ ಆ ಧಾಟಿ ಇನ್ನೆಲ್ಲೂ ಕೇಳಿಸುವುದಿಲ್ಲ. ತಾನು ನೇರ ಮಾಡಿದ್ದೇ ಉಳಿಯುತ್ತದೆ. ಅದರ ಮೇಲೆ ಅವನ ಹೆಸರಿರುತ್ತದೆ. ಕಿಟಕಿಯ ಆಚೆ ಗುಡ್ಡದ ನೆರಳು ತೋಟವನ್ನು ದಾಟಿ ಬಂದಿತ್ತು. ಮೆರ್ವ್ ನಿದ್ದೆ ಹೋದನೆಂದು ಅವಳು ತಿಳಿದಿದ್ದಳು. ಒಳಗಿನಿಂದ ಪಾತ್ರೆಯ ಸದ್ದು, ಆಮೇಲೆ ಚಕ್ರಗಳ ಸದ್ದು ಕೇಳಿಸಿದಾಗ ಅವಳು ನೆರವಾಗಲೆಂದು ಅರ್ಧ ಎದ್ದಳು.

"ಕೂತ್ಕೊ," ಎಂದ ಮೆರ್ವ್, ಕಣ್ಣು ಮುಚ್ಚಿಕೊಂಡೇ. "ಅವಳೇ ತರ್ತಾಳೆ."

ಅವಳು ಕೂತಳು. ಬಾಗಿಲಿನಿಂದ ಒಲೆಯವರೆಗೆ ಹನ್ನೆರಡು ಅಡಿ ಇದ್ದೀತು. ನೋಲಾ ಚೌಕಟ್ಟನ್ನು ಒಂದು ಗೇಣು ಮುಂದೆ ನೂಕಿ, ಬಲಗಾಲು ಇಟ್ಟು, ಎಡಗಾಲು ಎಳೆದು, ನಿಂತು, ಮತ್ತೆ ನೂಕಿದಳು. ನಡುವೆ ಜಮಖಾನದ ಅಂಚು ಚಕ್ರಕ್ಕೆ ತಡೆಯಿತು. ಅವಳು ಹಿಂದೆ ಸರಿದು ಪಕ್ಕದಿಂದ ಬಂದಳು.

ಚೌಕಟ್ಟಿನ ಹಲಗೆಯ ಮೇಲೆ ತಟ್ಟೆಯಿತ್ತು. ಉಪ್ಪು ಹಾಕಿ ಬೇಯಿಸಿದ ದನದ ಮಾಂಸ, ಎಲೆಕೋಸು, ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆ. ನೋಲಾ ಒಂದು ಕೈಯಿಂದ ಚೌಕಟ್ಟು ಹಿಡಿದುಕೊಂಡು, ಇನ್ನೊಂದು ಕೈಯಿಂದ ತಟ್ಟೆಯನ್ನು ಎತ್ತಿ ಕೋರಲಿಯ ಕೈಗೆ ಕೊಟ್ಟಳು.